ವರದಿ ಕೊಡುವ ಕಿಟಕಿಯಿಂದ ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರಗಳು.

ನಾನು 22 ವರ್ಷಗಳಿಂದ ಲ್ಯಾಬ್ ಟೆಕ್ನಿಷಿಯನ್. ಬೆಳಗ್ಗೆ ರಕ್ತ ತೆಗೆಯುವುದು, ಮಧ್ಯಾಹ್ನ ಪರೀಕ್ಷೆ, ಸಂಜೆ ಕಿಟಕಿಯಲ್ಲಿ ಕೂತು ವರದಿ ಕೊಡುವುದು ನನ್ನ ಕೆಲಸ. ಆ ಕಿಟಕಿಯಲ್ಲಿ ಜನ ಹೆಪಟೈಟಿಸ್, ಅಂದರೆ ಲಿವರಿಗೆ ತಗುಲುವ ವೈರಸ್ ಸೋಂಕಿನ ಬಗ್ಗೆ ಕೇಳುವ ಪ್ರಶ್ನೆಗಳನ್ನು ತಮ್ಮ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ಅವು ನನ್ನನ್ನು ಕೇಳಬೇಕಾದ ಪ್ರಶ್ನೆಗಳಲ್ಲ, ಉತ್ತರ ಹೇಳುವ ಅಧಿಕಾರವೂ ನನಗಿಲ್ಲ. ಆದರೆ ಆ ಹೊತ್ತಿಗೆ ಅವರ ಎದುರಿಗಿರುವವನು ನಾನೊಬ್ಬನೇ.

ಹೆಪಟೈಟಿಸ್ ಬಿ ಪರೀಕ್ಷೆಗೆ ನಾವು ಬಳಸುವುದು ಬೆರಳುದ್ದದ ಒಂದು ಪ್ಲಾಸ್ಟಿಕ್ ಕಾರ್ಡು. ಅದರ ಗುಳಿಯಲ್ಲಿ ಎರಡು ಮೂರು ಹನಿ ಸೀರಂ (ರಕ್ತದ ತಿಳಿಭಾಗ) ಬಿಟ್ಟರೆ ಬಿಳಿ ಪಟ್ಟಿಯ ಮೇಲೆ ಅದು ನಿಧಾನಕ್ಕೆ ಹರಿಯುತ್ತದೆ. ಮೊದಲು 'ಸಿ' ಅಕ್ಷರದ ಎದುರು ಒಂದು ಗೆರೆ ಮೂಡುತ್ತದೆ. ಕಾರ್ಡು ಸರಿಯಾಗಿ ಕೆಲಸ ಮಾಡಿದೆ ಎಂದರ್ಥ. 'ಟಿ' ಎದುರಿನ ಜಾಗ ಖಾಲಿಯೇ ಉಳಿದರೆ ನಿರಾಳ. ಕೆಲವು ಸಲ ಅಲ್ಲಿ ದೀಪದ ಕೆಳಗೆ ಹಿಡಿದು ನೋಡಬೇಕಾದಷ್ಟು ಮಸುಕಾಗಿ ಇನ್ನೊಂದು ಗೆರೆ ಮೂಡುತ್ತದೆ. ಮಸುಕಾಗಿದ್ದರೂ ಅದನ್ನು ಅಲಕ್ಷ್ಯ ಮಾಡುವಂತಿಲ್ಲ. ಇನ್ನೊಂದು ಪರೀಕ್ಷೆಯಿಂದ ಖಚಿತ ಮಾಡಿಕೊಂಡು ವರದಿಯಲ್ಲಿ ಬರೆಯುತ್ತೇನೆ: 'ಹೆಚ್‌ಬಿಎಸ್‌ಎಜಿ ರಿಯಾಕ್ಟಿವ್' (ಬಿ ವೈರಸ್ಸಿನ ಅಂಶ ರಕ್ತದಲ್ಲಿದೆ ಎಂದರ್ಥ). ಅಷ್ಟೇ. ಹಾಗೆಂದರೇನು, ಮುಂದೇನು ಎಂದು ಬರೆಯಲು ಆ ಹಾಳೆಯಲ್ಲಿ ಜಾಗವೇ ಇಲ್ಲ.

ಅಂಥದೊಂದು ವರದಿ ಹಿಡಿದು ಒಬ್ಬ ತಾಯಿ ಒಂದೂವರೆ ವರ್ಷದ ಮಗುವನ್ನು ಕರೆತಂದಿದ್ದರು. ವರದಿ ಅವರು ಬಸುರಿಯಾಗಿದ್ದಾಗಿನದು. ಮಡಿಸಿದ ಜಾಗದಲ್ಲೆಲ್ಲ ಹರಿದಿತ್ತು. ಅದನ್ನು ಕೊಟ್ಟವರು 'ಡಾಕ್ಟರಿಗೆ ತೋರಿಸಿ' ಎಂದಿದ್ದರು. ಡಾಕ್ಟರಿಗೆ ಆ ದಿನ ಪುರುಸೊತ್ತಿರಲಿಲ್ಲ, ವರದಿ ಫೈಲಿನೊಳಗೆ ಸೇರಿತು. ಹೆರಿಗೆಯಾದದ್ದು ಶನಿವಾರ ಸಂಜೆ. ಲಸಿಕೆ ಕೊಡುವ ಕೋಣೆಯ ಬಾಗಿಲು ತೆರೆಯುವುದು ಸೋಮವಾರ. ಸೋಮವಾರ ಬೆಳಗ್ಗೆ ಅವರನ್ನು ಮನೆಗೆ ಕಳಿಸುವ ಗಡಿಬಿಡಿ. 'ಆರು ವಾರಕ್ಕೆ ಬನ್ನಿ' ಎಂದರಂತೆ, ಅವರು ತಪ್ಪದೆ ಹೋಗಿದ್ದಾರೆ, ಆಮೇಲಿನ ಲಸಿಕೆಗಳನ್ನೆಲ್ಲ ಹಾಕಿಸಿದ್ದಾರೆ. ಅಷ್ಟಾದ ಮೇಲೆ ಯಾರೋ ಆ ಹಳೆಯ ವರದಿ ನೋಡಿ, 'ಎದೆಹಾಲು ಕೊಡಬೇಡ, ಮಗುವಿಗೆ ಹತ್ತುತ್ತದೆ' ಎಂದರು. ಅವರು ಹಾಲು ಬಿಡಿಸಿದರು. ತಮ್ಮ ತಟ್ಟೆ, ಲೋಟ, ಟವೆಲ್ಲು ಬೇರೆ ಮಾಡಿಕೊಂಡರು. ಮಗುವಿಗೆ ಮುತ್ತು ಕೊಡುವುದನ್ನೂ ಬಿಟ್ಟರು.

ಮಗುವಿನ ಕಾರ್ಡಿನಲ್ಲಿ ಟಿ ಗೆರೆ ಮೂಡಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಸ್ವಾಮಿ, ಆ ತಾಯಿ ಬಿಡಬಾರದ್ದನ್ನೆಲ್ಲ ಬಿಟ್ಟಿದ್ದರು. ಆಗಲೇಬೇಕಾಗಿದ್ದ ಒಂದು ಕೆಲಸ ಮಾತ್ರ ಆಗಿರಲಿಲ್ಲ, ಅದು ಅವರ ಕೈಯಲ್ಲೂ ಇರಲಿಲ್ಲ. ಹೆಪಟೈಟಿಸ್ ಬಿ ಎದೆಹಾಲಿನಿಂದ ಹರಡುವುದಿಲ್ಲ. ಒಟ್ಟಿಗೆ ಉಣ್ಣುವುದರಿಂದ, ಅಪ್ಪಿಕೊಳ್ಳುವುದರಿಂದ, ಕೆಮ್ಮು ಸೀನಿನಿಂದಲೂ ಹರಡುವುದಿಲ್ಲ. ತಾಯಿಯಿಂದ ಮಗುವಿಗೆ ಅದು ದಾಟುವುದು ಹೆಚ್ಚಾಗಿ ಹೆರಿಗೆಯ ಹೊತ್ತಿನಲ್ಲಿ, ರಕ್ತದ ಮೂಲಕ. ಆದ್ದರಿಂದಲೇ ಹುಟ್ಟಿದ 24 ಗಂಟೆಯೊಳಗೆ ಲಸಿಕೆಯ ಮೊದಲ ಡೋಸ್ ಬೀಳಬೇಕು ಎನ್ನುವುದು. ತಾಯಿಗೆ ಸೋಂಕಿದೆ ಎಂದು ಗೊತ್ತಿದ್ದರೆ ಅದರ ಜೊತೆಗೆ, ವೈರಸ್ ತಡೆಯುವ ಸಿದ್ಧ ಪ್ರತಿಕಾಯಗಳಿರುವ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದನ್ನೂ ಕೊಡಬಹುದು. ತಾಯಿಯ ರಕ್ತದಲ್ಲಿ ವೈರಸ್ ತೀರಾ ಹೆಚ್ಚಿದ್ದರೆ ಬಸುರಿನ ಕೊನೆಯ ತಿಂಗಳುಗಳಲ್ಲಿ ಅದನ್ನು ಅದುಮಿಡುವ ಟೆನೊಫೋವಿರ್ ಮಾತ್ರೆಯೂ ಇದೆ. ಇಷ್ಟೆಲ್ಲ ದಾರಿ ಇದ್ದೂ ಆ ಮಗುವಿಗೆ ಅಡ್ಡ ಬಂದದ್ದು ಒಂದು ಭಾನುವಾರ.

ಒಂದು ದಿನದ ವಿಳಂಬಕ್ಕೆ ಇಷ್ಟು ದೊಡ್ಡ ಮಾತೇಕೆ ಎಂದು ತಮ್ಮ ಇಲಾಖೆಯವರು ಕೇಳಬಹುದು. ದೊಡ್ಡವರಾದ ಮೇಲೆ ಹೆಪಟೈಟಿಸ್ ಬಿ ತಗುಲಿದರೆ ನೂರಕ್ಕೆ 95ಕ್ಕೂ ಹೆಚ್ಚು ಮಂದಿಯ ದೇಹ ಅದನ್ನು ತಾನೇ ಹೊರಹಾಕುತ್ತದೆ. ಹಸುಗೂಸಿಗೆ ತಗುಲಿದರೆ ಲೆಕ್ಕ ತಲೆಕೆಳಗು: ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಅದು ಬೇರೂರಿ ಉಳಿಯುತ್ತದೆ. ಮುಂದೆ ಲಿವರ್ ಗಟ್ಟಿಯಾಗುವ ಸಿರೋಸಿಸ್, ಲಿವರ್ ಕ್ಯಾನ್ಸರ್ ಕಾಣಿಸಿಕೊಳ್ಳುವುದು ಬಹುಪಾಲು ಇಂಥವರಲ್ಲೇ. ತೈವಾನ್ 1984ರಲ್ಲಿ ನವಜಾತ ಶಿಶುಗಳಿಗೆ ಈ ಲಸಿಕೆ ಶುರುಮಾಡಿತು. ಆಗ ಅಲ್ಲಿ ನೂರು ಮಕ್ಕಳಲ್ಲಿ ಹತ್ತಿರ ಹತ್ತಿರ ಹತ್ತು ಮಂದಿಗೆ ಸೋಂಕಿತ್ತು. ಒಂದೇ ತಲೆಮಾರಿನೊಳಗೆ ಅದು ಒಂದಕ್ಕಿಂತ ಕೆಳಗಿಳಿಯಿತು, ಮಕ್ಕಳಲ್ಲಿ ಲಿವರ್ ಕ್ಯಾನ್ಸರೂ ಕಡಿಮೆಯಾಯಿತು. ಹೀಗೆ ಒಂದು ಕ್ಯಾನ್ಸರನ್ನು ತಡೆದು ತೋರಿಸಿದ ಮೊದಲ ಲಸಿಕೆ ಇದು.

ನಾನು ಕಂಡಂತೆ ಅರ್ಧ ತೊಂದರೆ ಹುಟ್ಟುವುದು ಹೆಸರಿನಿಂದ. ನಮ್ಮ ಬಾಯಲ್ಲಿ ಎಲ್ಲವೂ 'ಕಾಮಾಲೆ'. ಕಾಮಾಲೆ ಎಂದರೆ ಕಣ್ಣು ಮೈ ಹಳದಿಯಾಗುವುದು. ಅದೊಂದು ಲಕ್ಷಣ, ರೋಗದ ಹೆಸರಲ್ಲ. ಅದರ ಹಿಂದೆ ಐದು ಬೇರೆ ಬೇರೆ ವೈರಸ್‌ಗಳಿರಬಹುದು: ಎ, ಬಿ, ಸಿ, ಡಿ, ಇ. ಎ ಮತ್ತು ಇ ಬರುವುದು ಹೊಟ್ಟೆಯ ದಾರಿಯಲ್ಲಿ, ಮಲ ಸೇರಿದ ನೀರು, ಆಹಾರ, ತೊಳೆಯದ ಕೈಗಳಿಂದ. ಬಿ, ಸಿ, ಡಿ ಬರುವುದು ರಕ್ತದ ದಾರಿಯಲ್ಲಿ. ಬಿ ಲೈಂಗಿಕ ಸಂಪರ್ಕದಿಂದಲೂ ಹರಡುತ್ತದೆ. ಡಿ ಒಂಟಿಯಾಗಿ ಬರಲಾರದು, ಬಿ ಇದ್ದವರಿಗಷ್ಟೇ ತಗುಲುತ್ತದೆ. ಜನ ಎಲ್ಲವನ್ನೂ ಒಂದೇ ಎಂದುಕೊಂಡಿರುವುದರಿಂದ ನೀರಿನ ಕಾಮಾಲೆಯ ಪಥ್ಯವನ್ನು ರಕ್ತದ ಕಾಮಾಲೆಯವರ ಮೇಲೆ ಹೇರುತ್ತಾರೆ. ಬಿ ಇರುವವರ ತಟ್ಟೆ ಬೇರೆಯಾಗುತ್ತದೆ, ಅವರ ರೇಜರು ಮಾತ್ರ ಮನೆಮಂದಿಗೆಲ್ಲ ಒಂದೇ! ಬೇರೆ ಇಡಬೇಕಾದದ್ದು ರೇಜರು, ಉಗುರು ಕತ್ತರಿ, ಹಲ್ಲುಜ್ಜುವ ಬ್ರಷ್ಷು. ಒಣಗಿದ ರಕ್ತದ ಕಲೆಯಲ್ಲೂ ಈ ವೈರಸ್ ಕನಿಷ್ಠ ಏಳು ದಿನ ಜೀವ ಹಿಡಿದುಕೊಂಡಿರುತ್ತದೆ.

'ಮೈ ಹಳದಿಯಾಗಿಲ್ಲವಲ್ಲ, ನನಗೆ ಹೇಗೆ ಇದೆ ಎನ್ನುತ್ತೀರಿ?' ಎಂದು ಜಗಳಕ್ಕೆ ನಿಂತವರೂ ಇದ್ದಾರೆ. ಅವರದು ತಪ್ಪಲ್ಲ. ಬಿ ಮತ್ತು ಸಿ ಹತ್ತಿಪ್ಪತ್ತು ವರ್ಷ ಸದ್ದಿಲ್ಲದೆ ಕೂತಿರಬಲ್ಲವು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ 25.4 ಕೋಟಿ ಜನರಿಗೆ ಬಿ, 5 ಕೋಟಿ ಜನರಿಗೆ ಸಿ ಇತ್ತು. ಬಿ ಇದ್ದವರಲ್ಲಿ ತಮಗೆ ಸೋಂಕಿದೆ ಎಂದು ತಿಳಿದಿದ್ದವರು ನೂರಕ್ಕೆ 13 ಮಂದಿ ಮಾತ್ರ. ಅದೇ ವರ್ಷ ಈ ವೈರಸ್‌ಗಳಿಂದ ಸತ್ತವರು ಸುಮಾರು 13 ಲಕ್ಷ. ಕಿಟಕಿಗೆ ಬಂದು ಜಗಳವಾಡುವವರು ಅದೃಷ್ಟವಂತರೆಂದೇ ನಾನು ತಿಳಿಯುತ್ತೇನೆ, ಅವರಿಗೆ ಕಾಲ ಮೀರುವ ಮೊದಲು ಗೊತ್ತಾಗಿದೆ.

ಆಮೇಲಿನ ಪ್ರಶ್ನೆ, 'ಇದಕ್ಕೆ ಮದ್ದಿದೆಯಾ?' ಇದೆ. ಸಿ ಗೆ ಲಸಿಕೆ ಇಲ್ಲ, ಆದರೆ ಪೂರ್ತಿ ಗುಣಪಡಿಸುವ ಮಾತ್ರೆಗಳಿವೆ. ಸಾಮಾನ್ಯವಾಗಿ 12 ವಾರದ ಚಿಕಿತ್ಸೆ, ನೂರಕ್ಕೆ 95ಕ್ಕಿಂತ ಹೆಚ್ಚು ಜನ ಗುಣವಾಗುತ್ತಾರೆ. ಬಿ ಗೆ ಬುಡಸಮೇತ ಕೀಳುವ ಮದ್ದು ಇನ್ನೂ ಬಂದಿಲ್ಲ; ವೈರಸ್ಸನ್ನು ಅದುಮಿಟ್ಟು ಲಿವರನ್ನು ಕಾಪಾಡುವ ಮಾತ್ರೆಗಳಿವೆ. ಎಲ್ಲರಿಗೂ ತಕ್ಷಣ ಮಾತ್ರೆ ಬೇಕಾಗುವುದಿಲ್ಲ, ಆದರೆ ಎಲ್ಲರಿಗೂ ನಿಯಮಿತ ತಪಾಸಣೆ ಬೇಕು. 'ಮಾತ್ರೆ ಬೇಡ' ಎಂದು ಡಾಕ್ಟರು ಹೇಳಿದ್ದನ್ನು 'ರೋಗವೇ ಇಲ್ಲ' ಎಂದುಕೊಂಡು ಹೋದವರು, ವರ್ಷಗಟ್ಟಲೆ ಕಾಣದವರು, ಹೊಟ್ಟೆಯಲ್ಲಿ ನೀರು ತುಂಬಿಕೊಂಡು ತಿರುಗಿ ಬಂದದ್ದನ್ನು ನೋಡಿದ್ದೇನೆ. ಅವರಿಗೆ ಸರಿಯಾಗಿ ಬಿಡಿಸಿ ಹೇಳಲು ಎಷ್ಟು ಹೊತ್ತು ಬೇಕಿತ್ತು? ಹತ್ತು ನಿಮಿಷ.

ಇನ್ನೊಂದು ಸಂಕಟ ತಮಗೆ ತಿಳಿಯಲೇಬೇಕು. ಸಿ ಇಂದ ಪೂರ್ತಿ ಗುಣವಾದವರ ರಕ್ತದಲ್ಲೂ ಪ್ರತಿಕಾಯ ಉಳಿದುಬಿಡುತ್ತದೆ. ಸಿ ಪರೀಕ್ಷೆಯ ಕಾರ್ಡು ಹುಡುಕುವುದು ಆ ಪ್ರತಿಕಾಯವನ್ನೇ, ಹಾಗಾಗಿ ಅದರಲ್ಲಿ ಅವರು ಮತ್ತೆ ಮತ್ತೆ ಪಾಸಿಟಿವ್. ವೈರಸ್ ಈಗಲೂ ಇದೆಯೇ ಎಂದು ಹೇಳುವುದು ಆರ್‌ಎನ್‌ಎ ಪರೀಕ್ಷೆ. ಅದನ್ನು ಮಾಡಿಸದೆ, ಕೆಲಸಕ್ಕೆ ಸೇರುವ ಮುಂಚಿನ ವೈದ್ಯಕೀಯ ತಪಾಸಣೆಯಲ್ಲಿ ಗುಣವಾದ ಹುಡುಗನನ್ನು 'ಅನ್‌ಫಿಟ್' ಎಂದು ಕಳಿಸಿದ್ದನ್ನು ಕಂಡಿದ್ದೇನೆ. ಸೋಂಕು ಇದ್ದರೂ ಅಷ್ಟೇ. ಮೇಜಿನ ಮುಂದೆ ಕೂತು ಲೆಕ್ಕ ಬರೆಯುವವರಿಂದ, ಪಾಠ ಹೇಳುವವರಿಂದ, ಅಡುಗೆ ಮಾಡುವವರಿಂದ ಬಿ ಆಗಲಿ ಸಿ ಆಗಲಿ ಪಕ್ಕದವರಿಗೆ ಹರಡುವುದಿಲ್ಲ. ಹಾಗಿರುವಾಗ ಅವರ ಅನ್ನ ಕಿತ್ತುಕೊಳ್ಳಲು ಯಾವ ಕಾರಣವಿದೆ? ಇದರ ಬಗ್ಗೆ ತಾವು ಒಂದು ಸ್ಪಷ್ಟ ಆದೇಶ ಹೊರಡಿಸಬೇಕು.

ನನ್ನದೂ ಒಂದು ಕಥೆಯಿದೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಬಳಸಿದ ಸೂಜಿಗೆ ಮುಚ್ಚಳ ಹಾಕಲು ಹೋಗಿ ಹೆಬ್ಬೆರಳಿಗೆ ಚುಚ್ಚಿಕೊಂಡೆ. ಆಗ ನನಗೆ ಲಸಿಕೆ ಆಗಿರಲಿಲ್ಲ. ಆಗಿದೆಯೇ ಎಂದು ಅಲ್ಲಿ ಯಾರೂ ಕೇಳಿರಲೂ ಇಲ್ಲ. ಲಸಿಕೆಯಿಲ್ಲದವನಿಗೆ ಬಿ ಸೋಂಕಿನ ಸೂಜಿ ಚುಚ್ಚಿದರೆ ನೂರಕ್ಕೆ ಆರರಿಂದ 30ರವರೆಗೆ ತಗುಲುವ ಸಂಭವ. ಆರು ತಿಂಗಳು ನನ್ನ ರಕ್ತವನ್ನು ನಾನೇ ಪರೀಕ್ಷೆ ಮಾಡಿಕೊಂಡು ಟಿ ಅಕ್ಷರದ ಎದುರಿನ ಬಿಳಿ ಜಾಗವನ್ನು ಕಣ್ಣು ಮಿಟುಕಿಸದೆ ನೋಡಿದ್ದೇನೆ. ನನಗೆ ಏನೂ ಆಗಲಿಲ್ಲ. ಆದರೆ ನಾವು ಎಸೆದ ಸೂಜಿಗಳ ಚೀಲ ಹೊರುವ ಅಕ್ಕಂದಿರು ಇದ್ದಾರಲ್ಲ, ಗುತ್ತಿಗೆಯಲ್ಲಿ ದುಡಿಯುವವರು, ಅವರಿಗೆ ಸೂಜಿ ಚುಚ್ಚಿದರೆ ಯಾರಿಗೂ ಹೇಳುವುದಿಲ್ಲ, ಕೆಲಸ ಹೋದೀತೆಂಬ ಭಯ. ಮೂರು ಡೋಸ್ ಲಸಿಕೆ, ಆರು ತಿಂಗಳೊಳಗೆ ಮುಗಿಯುತ್ತದೆ. ಆಸ್ಪತ್ರೆಯ ಹೊಸ್ತಿಲು ದಾಟಿ ಕೆಲಸಕ್ಕೆ ಬರುವ ಪ್ರತಿಯೊಬ್ಬರಿಗೂ ಅದು ಆಗಲೇಬೇಕು, ಗುತ್ತಿಗೆಯವರಿಗೆ ಮೊದಲು.

ನೀರಿನ ಕಡೆಯ ಮಾತು ಹೆಚ್ಚು ಬೆಳೆಸುವುದಿಲ್ಲ, ಅದು ತಮಗೆ ಗೊತ್ತಿರುವುದೇ. ನೀರು ಕುದಿಸಿ ಕುಡಿಯಿರಿ, ಸೋಪು ಹಚ್ಚಿ ಕೈ ತೊಳೆಯಿರಿ ಎಂದು ಜನರಿಗೆ ನಾವು ಹೇಳುತ್ತೇವೆ. ಆದರೆ ಒಳಚರಂಡಿಯ ಕೊಳವೆ ಕುಡಿಯುವ ನೀರಿನ ಕೊಳವೆಗೆ ಸೋರಿದರೆ ಅದನ್ನು ಸರಿಪಡಿಸಬೇಕಾದವರು ಜನರಲ್ಲ. 1955-56ರಲ್ಲಿ ದೆಹಲಿಯಲ್ಲಿ ಕುಡಿಯುವ ನೀರಿಗೆ ಕೊಳಚೆ ಸೇರಿ ಸುಮಾರು 29,000 ಜನರಿಗೆ ಕಾಮಾಲೆಯಾಯಿತು. ಅದಕ್ಕೆ ಕಾರಣ ಇ ವೈರಸ್ ಎಂದು ತಿಳಿದದ್ದು ದಶಕಗಳ ನಂತರ. ಹೆಚ್ಚಿನವರಲ್ಲಿ ಇ ತಾನಾಗಿ ವಾಸಿಯಾಗುತ್ತದೆ. ಬಸುರಿಯರಿಗೆ, ಅದೂ ಕೊನೆಯ ಮೂರು ತಿಂಗಳಲ್ಲಿ ತಗುಲಿದರೆ, ನೂರಕ್ಕೆ 20ರಿಂದ 25 ಮಂದಿಯವರೆಗೆ ಸಾಯಬಹುದು. ಕಾಮಾಲೆಯ ಪ್ರಕರಣಗಳು ಒಂದೇ ಬೀದಿಯಿಂದ ಬರತೊಡಗಿದರೆ ಲ್ಯಾಬಿನಲ್ಲಿರುವ ನಮಗೆ ಮೊದಲು ಗೊತ್ತಾಗುತ್ತದೆ. ನಮ್ಮ ಮಾತು ನೀರು ಸರಬರಾಜಿನವರಿಗೆ ಅದೇ ದಿನ ಮುಟ್ಟುವ ಏರ್ಪಾಡು ಮಾಡಿಕೊಡಿ.

ಇದೆಲ್ಲ ಆಗುವ ಹೋಗುವ ಮಾತಲ್ಲ ಎನ್ನುವವರಿಗೆ ಈಜಿಪ್ಟನ್ನು ತೋರಿಸಿ. ಅಲ್ಲಿ 1950ರ ದಶಕದಿಂದ ಸುಮಾರು 1980ರವರೆಗೆ ಶಿಸ್ಟೊಸೋಮಿಯಾಸಿಸ್ ಎಂಬ ಹುಳುರೋಗ ನಿವಾರಿಸಲು ಸರ್ಕಾರವೇ ಚುಚ್ಚುಮದ್ದು ಕೊಡಿಸಿತು. ಸರಿಯಾಗಿ ಶುದ್ಧಿಯಾಗದ ಗಾಜಿನ ಸಿರಿಂಜುಗಳಿಂದ ಹಳ್ಳಿಹಳ್ಳಿಗೆ ಹೆಪಟೈಟಿಸ್ ಸಿ ಹರಡಿತು. ಆ ವೈರಸ್ಸನ್ನು ಗುರುತಿಸಿದ್ದೇ 1989ರಲ್ಲಿ. ಆವರೆಗೆ ಅದನ್ನು ಪತ್ತೆಹಚ್ಚುವ ಪರೀಕ್ಷೆಯೇ ಇರಲಿಲ್ಲ. ಆದರೆ ತಮ್ಮಿಂದಾದ ಹಾನಿಯನ್ನು ಅವರು ಮುಚ್ಚಿಡಲಿಲ್ಲ. 2018ರ ಅಕ್ಟೋಬರಿನಿಂದ ಏಳು ತಿಂಗಳೊಳಗೆ ಸುಮಾರು 5 ಕೋಟಿ ಜನರ ರಕ್ತ ಪರೀಕ್ಷಿಸಿದರು. ಸೋಂಕು ಕಂಡವರಿಗೆ ಉಚಿತವಾಗಿ ಮಾತ್ರೆ ಕೊಟ್ಟರು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ದೇಶವನ್ನು ಸಿ ನಿರ್ಮೂಲನೆಯ ಹಾದಿಯಲ್ಲಿ ಎಲ್ಲರಿಗಿಂತ ಮುಂದಿದೆ ಎಂದು ಗುರುತಿಸಿತು. ಪ್ರತಿ ವರ್ಷ ಜುಲೈ 28ರಂದು, ಬಿ ವೈರಸ್ಸನ್ನು ಕಂಡುಹಿಡಿದ ಬರೂಕ್ ಬ್ಲಂಬರ್ಗ್ ಅವರ ಹುಟ್ಟುಹಬ್ಬದ ದಿನ, ವಿಶ್ವ ಹೆಪಟೈಟಿಸ್ ದಿನದ ಬ್ಯಾನರು ನಾವೂ ಕಟ್ಟುತ್ತೇವೆ. ಬ್ಯಾನರಿನ ಕೆಳಗೆ ಪರೀಕ್ಷೆಯ ಕಾರ್ಡುಗಳೂ ಇರಲಿ ಎನ್ನುವುದು ನನ್ನ ಬೇಡಿಕೆ.

ಹೆರಿಗೆ ಕೋಣೆಯ ಪಕ್ಕದ ಫ್ರಿಜ್ಜಿನಲ್ಲೇ ಆ ಲಸಿಕೆಯಿರಲಿ, ಶನಿವಾರ ರಾತ್ರಿಯೂ, ಹಬ್ಬದ ದಿನವೂ. ಅದಕ್ಕೆ ಎರಡರಿಂದ ಎಂಟು ಡಿಗ್ರಿ ತಂಪು ಸಾಕು. ಆದರೆ ಹೆಪ್ಪುಗಟ್ಟಿದರೆ ಕೆಡುತ್ತದೆ. ಹೆರಿಗೆ ಮಾಡಿಸುವ ಸಿಸ್ಟರೇ ಚುಚ್ಚಬಹುದು ಎಂಬ ಲಿಖಿತ ಅನುಮತಿ ಅವರ ಕೈಗೆ ಸಿಗಲಿ. ವರದಿಯ ಹಾಳೆಯ ಹಿಂಬದಿ ಖಾಲಿಯಿದೆ; ಇದು ಹೇಗೆ ಹರಡುತ್ತದೆ, ಹೇಗೆ ಹರಡುವುದಿಲ್ಲ, ಮನೆಯಲ್ಲಿ ಯಾರು ಯಾರು ಪರೀಕ್ಷೆ ಮಾಡಿಸಿ ಲಸಿಕೆ ಹಾಕಿಸಿಕೊಳ್ಳಬೇಕು, ಮುಂದೆ ಎಲ್ಲಿಗೆ ಹೋಗಬೇಕು ಎಂದು ಅಲ್ಲಿ ಅಚ್ಚು ಹಾಕಿಸಿ.

ಆ ತಾಯಿ ಮತ್ತೆ ಬರುವುದು ಇನ್ನು ಆರು ತಿಂಗಳಿಗೆ, ಮಗುವಿನ ಮುಂದಿನ ತಪಾಸಣೆಗೆ. ಅಷ್ಟರೊಳಗೆ ನನ್ನ ಕಿಟಕಿಯ ಪಕ್ಕ ಎರಡು ಕುರ್ಚಿ ಹಾಕಿಸಿ, ಒಂದರಲ್ಲಿ ಉತ್ತರ ಹೇಳಬಲ್ಲವರನ್ನು ಕೂರಿಸಿ. ಇನ್ನೊಂದರಲ್ಲಿ ಅವರು ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂರಲಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಲ್ಯಾಬ್ ಟೆಕ್ನಿಷಿಯನ್