ಕೊಳ್ಳುವವರಿಲ್ಲದ ಸಂತೆಗೆ ನಮ್ಮನ್ನು ಕರೆಯಬೇಡಿ

ಚಿಕ್ಕಬಳ್ಳಾಪುರ ಕ್ಷೇತ್ರದ ಮಾನ್ಯ ಲೋಕಸಭಾ ಸದಸ್ಯರಿಗೆ,

ವಂದನೆಗಳು. ಒಂದು ಟನ್ ಇಂಗಾಲದ ಡೈಆಕ್ಸೈಡ್ ತಡೆದುದಕ್ಕೆ ಸಿಗುವ, ಮಾರಬಹುದಾದ ಪ್ರಮಾಣಪತ್ರವೇ ಕಾರ್ಬನ್ ಕ್ರೆಡಿಟ್. ಈ ಮಾತು ದೊಡ್ಡ ಕಾರ್ಖಾನೆಗಳಿಗೆ ಸೇರಿದ್ದೆಂದು ಬಹುಮಂದಿ ಭಾವಿಸಿದ್ದಾರೆ, ಆದರೆ ಬಾಗೇಪಲ್ಲಿ ತಾಲ್ಲೂಕಿನ ನಮಗೆ ಅದು ಅಡುಗೆಮನೆಯ ಮಾತು. ನಮ್ಮ ತಾಯಿ ಬೆಳಿಗ್ಗೆ ಹಟ್ಟಿ ಬಳಿದು, ಸಗಣಿಗೆ ಸಮನಾಗಿ ನೀರು ಬೆರೆಸಿ, ಕಲ್ಲು ಕಸ ಆರಿಸಿ, ಗಂಟು ಉಳಿಯದಂತೆ ಕೈಯಿಂದಲೇ ಕಲಸಿ ತೊಟ್ಟಿಗೆ ಬಿಡುತ್ತಿದ್ದರು. ಸೌದೆಯ ಹೊಗೆಗೆ ಕಪ್ಪುಗಟ್ಟಿದ್ದ ಗೋಡೆಯ ಪಕ್ಕದಲ್ಲೇ ಗೋಬರ್ ಗ್ಯಾಸಿನ ನೀಲಿ ಉರಿ ಹತ್ತಿದಾಗ ಅವರು ಸೆರಗಿನಿಂದ ಕಣ್ಣೊರೆಸಿಕೊಳ್ಳುವ ಅಭ್ಯಾಸ ತಾನಾಗಿ ತಪ್ಪಿತು.

ಬಾಗೇಪಲ್ಲಿ ಕೂಲಿ ಸಂಘದ ಕುಟುಂಬಗಳಿಗೆ ಇಂಥ 5,500 ಘಟಕಗಳನ್ನು ಕಟ್ಟುವ ಯೋಜನೆ 2005ರಲ್ಲಿ, ಅಂದರೆ ನಾವಿನ್ನೂ ಕೋಲಾರ ಜಿಲ್ಲೆಯಲ್ಲಿದ್ದಾಗ, ನಮ್ಮಂಥ ದೇಶಗಳಲ್ಲಿ ತಡೆದ ಹೊಗೆಯ ಕ್ರೆಡಿಟ್ಟನ್ನು ಶ್ರೀಮಂತ ದೇಶಗಳು ಕೊಳ್ಳುವ ಕ್ಯೋಟೋ ಒಪ್ಪಂದದ ಶುದ್ಧ ಅಭಿವೃದ್ಧಿ ವ್ಯವಸ್ಥೆಯಡಿ ನೋಂದಾಯಿತವಾಯಿತು. ಉಳಿತಾಯವಾದ ಸೌದೆ ಮತ್ತು ಸೀಮೆಎಣ್ಣೆಯ ಲೆಕ್ಕದಲ್ಲಿ ಮನೆಯೊಂದಕ್ಕೆ ವರ್ಷಕ್ಕೆ ಸುಮಾರು ಮೂರೂವರೆ ಟನ್ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತಿತ್ತು, ಆ ಟನ್ನಿಗೆ ದೂರದ ದೇಶದಲ್ಲಿ ಬೆಲೆ ಇತ್ತು. ಆದರೆ ಅಂಥ ಕ್ರೆಡಿಟ್‌ಗಳ ಬೆಲೆ 2008ರಲ್ಲಿ 20 ಯೂರೋ ಆಸುಪಾಸಿನಲ್ಲಿದ್ದದ್ದು 2012ರ ಕೊನೆಗೆ ಒಂದು ಯೂರೋಗಿಂತ ಕೆಳಗಿಳಿಯಿತು. ಆರ್ಥಿಕ ಹಿಂಜರಿತದಿಂದ ಯೂರೋಪಿನ ಕಾರ್ಖಾನೆಗಳ ಬೇಡಿಕೆ ಕುಸಿದಿತ್ತು, ಮಾರುಕಟ್ಟೆಗೆ ಬಂದ ಕ್ರೆಡಿಟ್‌ಗಳಂತೂ ಹೊಳೆಯಾಗಿ ಹರಿದಿದ್ದವು. ಸಗಣಿ ಕಲಸುವವರ ಶ್ರಮದಲ್ಲಿ ಎಳ್ಳಷ್ಟೂ ವ್ಯತ್ಯಾಸವಾಗಿರಲಿಲ್ಲ.

ಈಗ ನಮ್ಮದೇ ದೇಶದ ಮಾರುಕಟ್ಟೆ ಬರುತ್ತಿದೆ. 2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆಗೆ ತಂದ ತಿದ್ದುಪಡಿಯ ಬಲದಿಂದ 2023ರ ಜೂನ್‌ನಲ್ಲಿ ಕಾರ್ಬನ್ ಕ್ರೆಡಿಟ್ ವಹಿವಾಟು ಯೋಜನೆಯ ಅಧಿಸೂಚನೆ ಹೊರಟಿತು. ಅದರಂತೆ ಸರ್ಕಾರ ಗೊತ್ತುಮಾಡಿದ ಹೊಗೆಯ ಗುರಿಯನ್ನು ಮೀರಿದ ಕಾರ್ಖಾನೆ ಕ್ರೆಡಿಟ್ ಕೊಳ್ಳಬೇಕು, ಗುರಿಗಿಂತ ಕಡಿಮೆ ಹೊಗೆ ಬಿಟ್ಟದ್ದು ಮಾರಬಹುದು. ಅದೇ ವರ್ಷದ ಡಿಸೆಂಬರ್‌ನಲ್ಲಿ ಗುರಿಯ ಕಟ್ಟುಪಾಡಿಲ್ಲದವರೂ ಸ್ವಇಚ್ಛೆಯಿಂದ ಸೇರಲು ದಾರಿ ಮಾಡಲಾಯಿತು. ಯೋಜನೆಯನ್ನು ನಾನು ಮನಃಪೂರ್ವಕ ಬೆಂಬಲಿಸುತ್ತೇನೆ. ಹೊಗೆ ಬಿಡುವವನು ದುಡ್ಡು ತೆರಬೇಕು, ತಡೆಯುವವನಿಗೆ ಅದು ಸಲ್ಲಬೇಕು ಎಂಬುದಕ್ಕಿಂತ ನ್ಯಾಯವಾದ ಏರ್ಪಾಡು ಬೇರೆ ಯಾವುದಿದೆ? ನನ್ನ ಆತಂಕವಿರುವುದು ಗುರಿಗಳ ಬಗ್ಗೆ. ಯೂರೋಪಿನಲ್ಲಿ 2005ರಿಂದ ಒಟ್ಟು ಹೊರಸೂಸುವಿಕೆಗೇ ಮಿತಿಯಿದೆ, ನಮ್ಮಲ್ಲಿ ಮಿತಿ ಇರುವುದು ಉತ್ಪಾದಿಸುವ ಪ್ರತಿ ಟನ್ ಸರಕಿಗೆ. ಟನ್ನಿಗೆ ಇಷ್ಟೆಂಬ ಗುರಿಯನ್ನು ಮುಟ್ಟಿದ ಸಿಮೆಂಟ್ ಕಾರ್ಖಾನೆ ಉತ್ಪಾದನೆಯನ್ನು ಇಮ್ಮಡಿಗೊಳಿಸಿ ಒಟ್ಟಾರೆ ಹೆಚ್ಚು ಹೊಗೆ ಬಿಟ್ಟರೂ ಕ್ರೆಡಿಟ್ ಕೊಳ್ಳಬೇಕಾಗುವುದಿಲ್ಲ. ಬೆಳೆಯುತ್ತಿರುವ ದೇಶಕ್ಕೆ ಈ ವಿಧಾನ ಸದ್ಯಕ್ಕೆ ಸಮಂಜಸವೇ ಇರಬಹುದು, ಆದರೆ ಗುರಿ ಸಡಿಲವಾದರೆ ಎಲ್ಲರೂ ಮಾರುವವರೇ ಆಗುತ್ತಾರೆ.

ಇದು ಬರಿಯ ಊಹೆಯಲ್ಲ. 2012ರಲ್ಲಿ ಆರಂಭವಾದ ಇಂಧನ ದಕ್ಷತೆಯ 'ಪ್ಯಾಟ್' ಯೋಜನೆಯ ಮೊದಲ ಸುತ್ತಿನಲ್ಲಿ ಗುರಿಗಿಂತ ಹೆಚ್ಚು ಇಂಧನ ಉಳಿಸಿದ ಕಾರ್ಖಾನೆಗಳಿಗೆ ಮಾರಬಹುದಾದ ಸುಮಾರು 38 ಲಕ್ಷ ಪ್ರಮಾಣಪತ್ರಗಳನ್ನು ನೀಡಲಾಯಿತು, ಗುರಿ ತಪ್ಪಿದವರು ಕೊಳ್ಳಬೇಕಾಗಿದ್ದದ್ದು ಸುಮಾರು 14 ಲಕ್ಷ ಮಾತ್ರ. ಟೊಮೆಟೊ ದರ ಬಿದ್ದಾಗ ರಸ್ತೆ ಬದಿಗೆ ಸುರಿದು ಬರುವ ನಮ್ಮ ಜಿಲ್ಲೆಯ ರೈತನಿಗೆ ಇದರ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ.

ಆದ್ದರಿಂದ ಮುಂದಿನ ಅಧಿವೇಶನದಲ್ಲಿ ತಾವು ಈ ವಿಷಯವನ್ನು ಎತ್ತಬೇಕೆಂದು ಕೋರುತ್ತೇನೆ. ಅಲ್ಯೂಮಿನಿಯಂ, ಸಿಮೆಂಟ್, ಕಾಗದದಂಥ ಉದ್ಯಮಗಳಿಗೆ ಗುರಿ ನಿಗದಿಯಾದಾಗ ದೇಶದಲ್ಲಿ ಅತಿ ಹೆಚ್ಚು ಇಂಗಾಲ ಹೊರಸೂಸುವ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳನ್ನು ಹೊರಗೇ ಬಿಡಲಾಗಿತ್ತು, ಅವುಗಳನ್ನು ಒಳತರಲು ದಿನಾಂಕ ಗೊತ್ತುಮಾಡುವಂತೆ ಒತ್ತಾಯಿಸಿ. ಗುರಿಗಳು ವರ್ಷದಿಂದ ವರ್ಷಕ್ಕೆ ಎಷ್ಟು ಬಿಗಿಯಾಗುತ್ತವೆ ಎಂಬುದನ್ನು ಮುಂಚಿತವಾಗಿ ಘೋಷಿಸಲಿ. ಕ್ರೆಡಿಟ್ಟಿಗೆ ಕಟ್ಟುವ ಕನಿಷ್ಠ ಬೆಲೆ ಕಾರ್ಖಾನೆಯವರು ಹೊಗೆ ತಗ್ಗಿಸಲು ಯೋಚಿಸುವಷ್ಟಾದರೂ ಇರಲಿ. ಇಷ್ಟಾಗುವವರೆಗೆ ಸಣ್ಣ ರೈತರ ಬಳಿಗೆ ಬರುವ ಯಾವ ಮಧ್ಯವರ್ತಿಯೂ ಆದಾಯದ ಭರವಸೆ ಕೊಟ್ಟು ಹತ್ತಾರು ವರ್ಷಗಳ ಕರಾರಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳದಂತೆ ನಿಯಮವೊಂದು ಬೇಕು. ಕರಾರು ಕನ್ನಡದಲ್ಲಿರಬೇಕು, ಅದನ್ನು ಗ್ರಾಮಸಭೆಯಲ್ಲಿ ಓದಿ ಹೇಳಬೇಕು.

ಸಚಿವರಿಂದ ತಮಗೆ ದೊರೆಯುವ ಉತ್ತರವನ್ನು ಕನ್ನಡಕ್ಕೆ ತರಿಸಿ ನಮ್ಮ ಗ್ರಾಮ ಪಂಚಾಯಿತಿಗಳಿಗೆ ಕಳುಹಿಸಿಕೊಡಿ. ನಮ್ಮ ತಾಯಿಗೆ ಅದನ್ನು ನಾನೇ ಓದಿ ಹೇಳುತ್ತೇನೆ.

ಇಂತಿ,
ಬಾಗೇಪಲ್ಲಿ ತಾಲ್ಲೂಕಿನ ಒಬ್ಬ ಮತದಾರ