ತೋಟೆಗೆ ಥಂಡಿಗಿಂತ ಬೆವರು ಕೆಡುಕು

ಸಂಪಾದಕರೆ,

ಮಳೆ ಹಿಡಿಯಿತೆಂದರೆ ನಗರದ ಕೋವಿ ಪರವಾನಗಿದಾರರಲ್ಲಿ ಕೆಲವರು ತೋಟೆಗಳನ್ನು (ಕಾರ್ಟ್ರಿಜ್) ತಾರಸಿಯ ಬಿಸಿಲಿಗೆ ಹರಡುತ್ತಾರೆ, ಇನ್ನು ಕೆಲವರು ಕೋವಿಮದ್ದಿನ ಡಬ್ಬಿಯನ್ನು ಫ್ರಿಜ್ಜಿಗೆ ಸೇರಿಸುತ್ತಾರೆ. ಎರಡೂ ತಪ್ಪು. ಬರೀ ಥಂಡಿಯಿಂದ ಮದ್ದು ಕೆಡುವುದಿಲ್ಲ. ತಣ್ಣಗಿರುವ ಡಬ್ಬಿಯನ್ನು ಬೆಚ್ಚಗಿನ ಒದ್ದೆ ಗಾಳಿಯಲ್ಲಿ ತೆರೆದಾಗ ಒಳಗೆ ಕೂರುವ ಬೆವರು ಕೆಡಿಸುತ್ತದೆ.

ಕೋಣೆಯಲ್ಲಿ 27 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ, ಶೇ 75 ತೇವಾಂಶ ಇದ್ದರೆ ಸುಮಾರು 22 ಡಿಗ್ರಿಗಿಂತ ತಣ್ಣಗಿರುವ ಯಾವುದರ ಮೇಲಾದರೂ ನೀರು ಕೂರುತ್ತದೆ. ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ಮುಗಿಸಿ ಮಡಿಕೇರಿಯಿಂದ ಎಸಿ ಹಾಕಿಕೊಂಡು ಬಂದ ಕಾರಿನಲ್ಲಿದ್ದ ಡಬ್ಬಿಯನ್ನು ಮನೆಗೆ ತಂದ ಕೂಡಲೇ ಬಿಚ್ಚಬಾರದು. ಮುಚ್ಚಳ ಭದ್ರವಾಗಿಯೇ ಇರಲಿ, ಮರುದಿನ ಬೆಳಿಗ್ಗೆ ತೆಗೆಯಿರಿ. ಬಚ್ಚಲಿನ ಗೋಡೆಗೆ ಅಂಟಿದ ಬೀರುವೂ ಬೇಡ, ಬಿಸಿಲಿಗೆ ಕಾಯುವ ಶೀಟಿನ ಕೆಳಗಿನ ಅಟ್ಟವೂ ಬೇಡ. ಇಂದಿನ ತೋಟೆಗಳಲ್ಲಿರುವ ಹೊಗೆಯಿಲ್ಲದ ಮದ್ದಿಗೆ ಸೆಕೆ ದೊಡ್ಡ ಶತ್ರು.

ತೇವಾಂಶ ಶೇ 60 ದಾಟದಂತೆ ನೋಡಿಕೊಳ್ಳಬೇಕು. ತೇವಾಂಶ ಅಳೆಯುವ ಅಗ್ಗದ ಹೈಗ್ರೋಮೀಟರ್ ಸಾಕು, ಆದರೆ ಅದನ್ನು ಕಣ್ಣುಮುಚ್ಚಿ ನಂಬಬೇಡಿ. ಬಾಟಲಿ ಮುಚ್ಚಳದಲ್ಲಿ ಒಂದು ಚಮಚ ಅಡುಗೆ ಉಪ್ಪಿಗೆ ನಾಲ್ಕು ಹನಿ ನೀರು ಬಿಟ್ಟು, ಗಟ್ಟಿ ಚಟ್ನಿಯ ಹದಕ್ಕೆ ಕಲಸಿ, ಮೀಟರಿನ ಜೊತೆ ಜಿಪ್ ಕವರಿನಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಅದು 75 ತೋರಿಸಬೇಕು. 82 ತೋರಿಸಿದರೆ ಮುಂದೆ ಸದಾ ಏಳು ಕಳೆದು ಓದಿ.

ತುಂಬಿದ ತೋಟೆಗಳನ್ನು ರಬ್ಬರ್ ಅಂಚಿನ ಡಬ್ಬಿಯಲ್ಲಿಡಬಹುದು. ಹತ್ತು ಲೀಟರಿನ ಡಬ್ಬಿಗೆ ತೇವ ಹೀರುವ ಸಿಲಿಕಾ ಜೆಲ್ 100 ಗ್ರಾಂ ಧಾರಾಳ. ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ ಹೊರಗೆ ತೆಗೆದು 120 ಡಿಗ್ರಿ ಓವನ್ನಿನಲ್ಲಿ ಎರಡು ಮೂರು ಗಂಟೆ ಕಾಯಿಸಿದರೆ ಮತ್ತೆ ಬಳಕೆಗೆ ಬರುತ್ತದೆ. ನುಸಿಗುಳಿಗೆ ತೇವ ಹೀರುವುದಿಲ್ಲ.

ಬಿಡಿ ಮದ್ದಿನ ನಿಯಮ ಬೇರೆ. ಅದು ಬಂದ ಡಬ್ಬಿಯಲ್ಲೇ ಇರಬೇಕು, ಆ ಡಬ್ಬಿಯನ್ನು ಒಂದಂಗುಲ ದಪ್ಪದ ಮರದ ಪೆಟ್ಟಿಗೆಯಲ್ಲಿಡಬೇಕು. ಗಟ್ಟಿ ಕಬ್ಬಿಣದ ಟ್ರಂಕಿಗೆ ಬೀಗ ಜಡಿದು ಇಟ್ಟು, ಬೆಂಕಿ ತಗುಲಿದರೆ ಒತ್ತಡ ಹೊರಹೋಗಲು ದಾರಿಯಿಲ್ಲದೆ ಟ್ರಂಕೇ ಬಾಂಬಾಗುತ್ತದೆ. ಮದ್ದಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಬೇಡಿ. ಅತಿಯಾಗಿ ಒಣಗಿದ ಮದ್ದು ಬೇಗ ಉರಿದು ಒತ್ತಡ ಏರಿಸುತ್ತದೆ. ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಕೇಪುಗಳನ್ನು ಉಪ್ಪಿನಕಾಯಿ ಬಾಟಲಿಗೆ ಸುರಿದಿಡುವವರೂ ಇದ್ದಾರೆ; ಒಂದು ಸಿಡಿದರೆ ಅಷ್ಟೂ ಸಿಡಿಯುತ್ತವೆ. ಕಂಪನಿಯ ಟ್ರೇ ಬಿಟ್ಟು ಅವುಗಳಿಗೆ ಬೇರೆ ಜಾಗವಿಲ್ಲ.

ತೋಟೆಯ ಹಿತ್ತಾಳೆ ಕವಚದ ಕಥೆಯೂ ಇದೆ. ಬ್ರಿಟಿಷರ ಕಾಲದಲ್ಲಿ ಮಳೆಗಾಲದಲ್ಲಿ ಕುದುರೆ ಲಾಯಗಳ ಬಳಿ ಇಟ್ಟ ತೋಟೆಗಳು ತಾವಾಗಿಯೇ ಬಿರುಕು ಬಿಡುತ್ತಿದ್ದವು. ಗಂಜಲದ ಅಮೋನಿಯಾ ಅದಕ್ಕೆ ಕಾರಣವೆಂದು 1921ರಲ್ಲಿ ವಿವರಣೆ ಬಂತು. ಇಂದು ಲಾಯವಿಲ್ಲ, ಅಮೋನಿಯಾ ಇರುವ ಪಾಲಿಶ್, ಗಾಜು ಒರೆಸುವ ದ್ರಾವಣಗಳು ಅದೇ ಬೀರುವಿನಲ್ಲಿರುತ್ತವೆ. ಚರ್ಮದ ಬೆಲ್ಟಿನಲ್ಲೇ ಬಿಟ್ಟ ತೋಟೆಗೆ ಹಸಿರು ಕಿಲುಬು ಹಿಡಿಯುತ್ತದೆ. ಹಿತ್ತಾಳೆ ದೀಪ ತಿಕ್ಕುವಂತೆ ಹುಣಸೆಹುಳಿ ಹಚ್ಚಿದರೆ ಹುಳಿ ಕೇಪಿನ ಸುತ್ತಿನ ಸಂದಿಗೆ ಇಳಿಯುತ್ತದೆ. ಒಣ ಬಟ್ಟೆಯಿಂದ ಒರೆಸಿ, ಕೇಪಿನ ಸುತ್ತ ಕಿಲುಬು ಉಳಿದ ತೋಟೆಯನ್ನು ಬೇರೆ ಇಡಿ. ಕಾಗದದ ತೋಟೆ ಬಾಯಿ ಉಬ್ಬಿ ಕೋವಿಯೊಳಗೆ ಹೋಗದಿದ್ದರೆ ಒತ್ತಿ ತುರುಕಬೇಡಿ.

ಒದ್ದೆಯಾದ ತೋಟೆ ಹಾರದಿದ್ದರೆ ನಳಿಗೆಯನ್ನು ಅಪಾಯವಿಲ್ಲದ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಬೇಕು; ಕೇಪಿನ ಕೋವಿಗೆ ಇನ್ನೂ ಹೆಚ್ಚು. ಅದಕ್ಕಿಂತ ಅಪಾಯ ‘ಪುಸ್’ ಎಂದು ಅರೆಬರೆ ಸದ್ದು ಮಾಡುವ ತೋಟೆ. ತೋಟೆಯೊಳಗಿನ ಬಿರಡೆ ನಳಿಗೆಯಲ್ಲಿ ಸಿಕ್ಕಿರುವುದನ್ನು ನೋಡದೆ ಮತ್ತೊಂದು ಹಾರಿಸಿದರೆ ನಳಿಗೆ ಸೀಳುತ್ತದೆ.

ಹೊಗೆಯಿಲ್ಲದ ಮದ್ದು ಕೆಟ್ಟಿದ್ದನ್ನು ಮೂಗು ಹೇಳುತ್ತದೆ: ಸ್ಪಿರಿಟ್ಟಿನಂಥ ವಾಸನೆ ಹೋಗಿ ಆಮ್ಲದ ಘಾಟು ಬರುತ್ತದೆ, ಕೆಂಗಂದು ಪುಡಿ ಕಾಣುತ್ತದೆ. ಪರವಾನಗಿ ಇರುವ ಆಯುಧ ಅಂಗಡಿಗಳು ಪ್ರತಿ ಡಬ್ಬಿಗೂ ಒಂದು ಕನ್ನಡ ಚೀಟಿ ಅಂಟಿಸಿ, ಕೊಂಡ ತಿಂಗಳನ್ನೂ ಕೆಟ್ಟರೆ ಯಾರಿಗೆ ಒಪ್ಪಿಸಬೇಕೆಂಬುದನ್ನೂ ಬರೆಯಲಿ. ಪೊಲೀಸ್ ಇಲಾಖೆ ಅದನ್ನು ಕಡ್ಡಾಯ ಮಾಡಲಿ. ಈಗ ದಾರಿ ತಿಳಿಯದವರು ಕೆಟ್ಟ ತೋಟೆಯನ್ನು ಒಣಕಸದ ಚೀಲಕ್ಕೆ ಹಾಕಿದರೆ, ಅದು ಹೋಗಿ ಬೀಳುವುದು ಕಸ ಹಿಂಡುವ ಲಾರಿಯೊಳಗೆ, ಪೌರಕಾರ್ಮಿಕರ ಪಕ್ಕದಲ್ಲೇ.

– ಪರವಾನಗಿದಾರ ಓದುಗರು, ಜಯನಗರ, ಬೆಂಗಳೂರು