ಈ ಭಾನುವಾರ ಯುವಜನರ ಕೂಟ: ಸಂಶಯಗಳ ಬಗ್ಗೆ ಮಾತಾಡೋಣ

ಎಲ್ಲರಿಗೂ ವಂದನೆಗಳು 🙏

ಈ ಭಾನುವಾರ ಸಂಜೆ 5ಕ್ಕೆ ಬೀದರ್‌ನ ನಮ್ಮ ಚರ್ಚಿನ ಹಿಂದಿನ ಕೋಣೆಯಲ್ಲಿ ಕೂಟ ಇದೆ. ಪಿಯುಸಿ, ಡಿಗ್ರಿ ಓದುವವರು, ಕೆಲಸಕ್ಕೆ ಹೋಗುವವರು ಎಲ್ಲರೂ ಬನ್ನಿ. ಈ ಸಲ ಹಾಡು ಕಡಿಮೆ, ಮಾತು ಜಾಸ್ತಿ.

ಹೋದ ತಿಂಗಳು ನಮ್ಮ ಹುಡುಗನೊಬ್ಬ ಗೇಟಿನ ಹತ್ತಿರ ನಿಂತು, ಬೈಬಲ್ ಚೀಲದ ಜಿಪ್ ಎಳೆಯುತ್ತಾ, "ಅಕ್ಕಾ, ಪ್ರಾರ್ಥನೆ ಮಾಡುವಾಗ ಆ ಕಡೆ ಯಾರೂ ಇಲ್ಲ ಅನಸ್ತದ. ಮನ್ಯಾಗ ಹೇಳಬ್ಯಾಡ್ರಿ" ಅಂದ. ಡಿಗ್ರಿಯಲ್ಲಿದ್ದಾಗ ನನಗೂ ಹಾಗೇ ಆಗಿತ್ತು. ಸಂಶಯಕ್ಕಿಂತ ಅದನ್ನು ಮುಚ್ಚಿಟ್ಟಿದ್ದೇ ಜಾಸ್ತಿ ಕಷ್ಟ ಕೊಟ್ಟಿತು.

ಬೈಬಲ್‌ನಲ್ಲಿ ಯೋಹಾನ 20ನೇ ಅಧ್ಯಾಯ ಓದಿಕೊಂಡು ಬನ್ನಿ. ಯೇಸು ಸತ್ತು ಎದ್ದು ಬಂದದ್ದನ್ನು ನೋಡದೆ ನಂಬಲ್ಲ ಅಂದ ತೋಮನನ್ನು ಉಳಿದ ಶಿಷ್ಯರು ಹೊರಗೆ ಹಾಕಲಿಲ್ಲ. ಎಂಟು ದಿನ ಆದ ಮೇಲೂ ಅವನು ಅವರ ಜೊತೆಗೇ ಇದ್ದ, ಅಲ್ವಾ? ಸಾಧ್ಯ ಆದ್ರೆ 13ನೇ ಕೀರ್ತನೆಯನ್ನೂ ನೋಡಿ. ಚಿಕ್ಕದು, ಶುರುವಾಗೋದೇ ದೇವರಿಗೆ ಕೇಳುವ ಪ್ರಶ್ನೆಯಿಂದ.

ನಿಮ್ಮ ಪ್ರಶ್ನೆ ಚೀಟಿಯಲ್ಲಿ ಬರೆದು, ಬೆಳಗಿನ ಆರಾಧನೆ ಮುಗಿದ ಮೇಲೆ ಕಿಟಕಿಯ ಹತ್ತಿರದ ಸ್ಟೀಲ್ ಡಬ್ಬಿಗೆ ಹಾಕಿ. ಹೆಸರು ಬೇಡ. ಪಾಸ್ಟರ್ ಕೂಡ ಇರ್ತಾರೆ. ಅಲ್ಲಿ ಆಡಿದ ಮಾತನ್ನು ಯಾರೂ ಹೊರಗೆ ಹೇಳಬೇಡಿ, ದಯವಿಟ್ಟು.

ಬರುವವರು ಶನಿವಾರ ರಾತ್ರಿಯೊಳಗೆ ಇಲ್ಲೇ "ಬರ್ತೀನಿ" ಅಂತ ಹಾಕಿ. ಚಹಾ, ಕುರ್ಚಿ ನೋಡ್ಕೋಬೇಕು. ಗುಂಪಿನಲ್ಲಿ ಹೇಳಲು ಮುಜುಗರ ಆದರೆ ನನಗೆ ಒಬ್ಬಳಿಗೇ ಮೆಸೇಜ್ ಮಾಡಿ.